ಹೊಟ್ಟೆಯೊಳಗೆ ಚೀಸ್ ಬಚ್ಚಿಟ್ಟ ಬರ್ಗರ್: ಅಮೆರಿಕದ ಹೀರೋಗೆ ಇಟಲಿಯ ಮೇಕಪ್!

ತಲೆಗೆ ಕ್ಯಾಪು. ಮುಂಗೈಗೆ ಚರ್ಮದ ಪಟ್ಟಿ. ನಡಿಗೆ ಥೇಟ್ ಕೌಬಾಯ್! ಆದರೆ ಪಾರ್ಟಿ ಅಪ್ಪಟ ರೋಮ್ ನಗರದವನು. ಅಮೆರಿಕವನ್ನು ಕಂಡದ್ದು ಬೆಳ್ಳಿತೆರೆಯ ಮೇಲೆ ಮಾತ್ರ. ರಾತ್ರಿ ಮನೆಗೆ ಬರುತ್ತಾನೆ. ಮೇಜಿನ ಮೇಲೆ ಮ್ಯಾಕರೋನಿ ಕಾದು ಕೂತಿದೆ. ಗಾಡಿ ಹೊಡೆಯೋರ ಊಟ ಇದು, ನನಗೆ ಬೇಡ ಅಂತ ಮೂಗು ಮುರಿದು, ಬ್ರೆಡ್ಡಿಗೆ ಜಾಮು ಬಳಿದು, ಮೊಸರು ಹಾಕಿ, ಸಾಸಿವೆ ಸಾಸು ಸುರಿದು, ಮೇಲಿಂದ ಹಾಲನ್ನೂ ಬಿಡುತ್ತಾನೆ. ಅಮೆರಿಕದವರು ತಿನ್ನೋದು ಇದನ್ನೇ ಅಂತ ಅವನ ನಂಬಿಕೆ! ಒಂದು ತುತ್ತು ಬಾಯಿಗೆ ಹೋಯಿತು... ಥೂ! ಆಮೇಲೆ ನೋಡಬೇಕು ನೀವು, ಮ್ಯಾಕರೋನಿ ತಟ್ಟೆಯ ಮೇಲೆ ಅವನ ದಾಳಿಯನ್ನ.

ಚಿತ್ರದ ಹೆಸರು 'ಉನ್ ಅಮೆರಿಕಾನೊ ಆ ರೋಮಾ', ಅಂದರೆ ರೋಮ್‌ನಲ್ಲೊಬ್ಬ ಅಮೆರಿಕನ್. ವರ್ಷ 1954. ನಿರ್ದೇಶಕ ಸ್ಟೆನೊ. ಹೀರೋ ಆಲ್ಬರ್ಟೊ ಸೋರ್ಡಿ. ಬಾಯಿ ತುಂಬ ಮ್ಯಾಕರೋನಿ ತುರುಕಿಕೊಂಡ ಅವನ ಆ ಸ್ಟಿಲ್ ಇವತ್ತಿಗೂ ರೋಮ್‌ನ ಊಟದ ಹೋಟೆಲುಗಳ ಗೋಡೆ ಮೇಲಿದೆ, ನಮ್ಮ ಹೋಟೆಲುಗಳಲ್ಲಿ ಅಣ್ಣಾವ್ರ ಪಟ ಇರೋ ಹಾಗೆ.

ಅಮೆರಿಕವನ್ನೂ ಇಟಲಿಯನ್ನೂ ಒಂದೇ ತಟ್ಟೆಗೆ ತರೋದಕ್ಕೆ ಆ ಹುಡುಗನಿಗೆ ಬರಲಿಲ್ಲ, ಅಷ್ಟೇ. ನಾವು ತರೋಣ ಬನ್ನಿ!

ಒಂದೇ ರಸ್ತೆ, ಇಬ್ಬರು ಹೀರೋಗಳು

ವಿಚಿತ್ರ ನೋಡಿ, ಅದೇ 1954ನೇ ಇಸವಿ ಅತ್ತ ಅಮೆರಿಕದ ಮಿನಿಯಾಪೊಲಿಸ್ ಊರಿನಲ್ಲೂ ಸದ್ದು ಮಾಡುತ್ತೆ. ಸೀಡರ್ ಅವೆನ್ಯೂ ರಸ್ತೆಯಲ್ಲಿ 'ಮ್ಯಾಟ್ಸ್ ಬಾರ್' ಅಂತ ಒಂದು ಸಾದಾ ಬಾರು. ಗಿರಾಕಿಯೊಬ್ಬ ಎರಡು ಮಾಂಸದ ವಡೆಗಳ ಮಧ್ಯೆ ಚೀಸ್ ಇಟ್ಟು ಅಂಚು ಮುಚ್ಚಿ ಕೊಡು ಅಂದನಂತೆ. ಕೊಟ್ಟರು. ಕಚ್ಚಿದ. ಒಳಗಿಂದ ಬಿಸಿ ಚೀಸ್ ಧಾರೆ! ಹುಟ್ಟಿತು 'ಜೂಸಿ ಲೂಸಿ'. ಇದು ಬಾರಿನವರು ಹೇಳೋ ಕಥೆ. ಅದೇ ರಸ್ತೆಯಲ್ಲಿ ಮುಂದಕ್ಕೆ ಹೋದರೆ '5-8 ಕ್ಲಬ್' ಅಂತ ಇನ್ನೊಂದು ಅಡ್ಡಾ. ಲೂಸಿ ನಮ್ಮ ಮನೆ ಮಗಳು ಅಂತ ಅವರ ವಾದ. ಎರಡು ಸ್ಟಾರುಗಳ ಅಭಿಮಾನಿ ಸಂಘಗಳ ಜಗಳದ ಥರ ಇದು ಇನ್ನೂ ಮುಗಿದಿಲ್ಲ. 2014ರ ಜೂನ್‌ನಲ್ಲಿ ಅಧ್ಯಕ್ಷ ಒಬಾಮ ಮ್ಯಾಟ್ಸ್ ಬಾರ್‌ಗೇ ನುಗ್ಗಿ ತಿಂದು ಹೋದರು. ವೋಟು ಒಂದು ಕಡೆಗೆ ಬಿತ್ತು ಅನ್ನಿ.

ಆದರೆ ನನ್ನ ಕೇಳಿದರೆ, ಚೀಸನ್ನು ಹೊಟ್ಟೆಯೊಳಗೆ ಬಚ್ಚಿಡೋ ಕಲೆ ಇಟಲಿಯವರಿಗೆ ಹಳೇ ರೀಲು. ರೋಮ್‌ನಲ್ಲಿ 'ಸುಪ್ಲಿ' ಅಂತ ಕರಿದ ಅನ್ನದುಂಡೆ ಸಿಗುತ್ತೆ, ಒಳಗೆ ಮೊಝರೆಲ್ಲಾ ಚೀಸ್. ಎರಡು ಹೋಳು ಮಾಡಿದರೆ ಚೀಸಿನ ಎಳೆ ಎರಡರ ನಡುವೆ ಟೆಲಿಫೋನ್ ವೈರಿನಂತೆ ತೂಗುತ್ತೆ. ಅದಕ್ಕೇ ಅದರ ಪೂರ್ತಿ ಹೆಸರು 'ಸುಪ್ಲಿ ಆಲ್ ಟೆಲಿಫೊನೊ'!

ಇನ್ನೊಂದನ್ನು ನೀವು ಸಿನಿಮಾದಲ್ಲೇ ನೋಡಿರಬಹುದು. 1948ರ 'ಬೈಸಿಕಲ್ ಥೀವ್ಸ್'. ವಿಟ್ಟೋರಿಯೊ ಡಿ ಸಿಕಾ ತೆಗೆದ ಚಿತ್ರ. 1950ರಲ್ಲಿ ಲಂಡನ್ನಿನಲ್ಲಿ ಸತ್ಯಜಿತ್ ರೇ ನೋಡಿ ಬೆರಗಾದದ್ದು ಇದನ್ನೇ. ಕಥಾನಾಯಕ ಆಂಟೋನಿಯೊಗೆ ಸಿಕ್ಕ ಕೆಲಸ ಯಾವುದು ಗೊತ್ತೇ? ಗೋಡೆಗೆ ಪೋಸ್ಟರ್ ಅಂಟಿಸೋದು! ಹಾಲಿವುಡ್ ತಾರೆ ರೀಟಾ ಹೇವರ್ತ್‌ಳ ಪೋಸ್ಟರ್ ಅಂಟಿಸುತ್ತಿರುವಾಗಲೇ ಅವನ ಸೈಕಲ್ ಕಳುವಾಗುತ್ತೆ. ಸೈಕಲ್ ಇಲ್ಲದಿದ್ದರೆ ಕೆಲಸ ಇಲ್ಲ. ಮಗನ ಜೊತೆ ಊರೆಲ್ಲ ಅಲೆದು, ಸಿಟ್ಟಿನಲ್ಲಿ ಆ ಪುಟ್ಟ ಬ್ರೂನೊಗೆ ಒಂದೇಟು ಹೊಡೆದು, ಆಮೇಲೆ ಕರುಳು ಚುರುಕ್ ಅಂದು ಅವನನ್ನು ಹೋಟೆಲಿಗೆ ಕರೆದೊಯ್ಯುತ್ತಾನೆ. ಅಲ್ಲಿ ಹುಡುಗನಿಗೆ ಸಿಗೋದು ಬ್ರೆಡ್ಡಿನ ನಡುವೆ ಮೊಝರೆಲ್ಲಾ ಇಟ್ಟು ಕರಿದ ತಿಂಡಿ. ಚೀಸಿನ ಎಳೆ ಬಾಯಿಂದ ಉದ್ದಕ್ಕೆ ಬರುತ್ತೆ. ಪಕ್ಕದ ಮೇಜಿನ ಶ್ರೀಮಂತರ ಹುಡುಗ ಇವನನ್ನು ನೋಡುತ್ತಾನೆ, ಇವನು ಅವನನ್ನು. ಅಷ್ಟರಲ್ಲಿ ಅಪ್ಪ ಪೆನ್ಸಿಲ್ ಕೊಟ್ಟು, ಕೆಲಸ ಉಳಿದಿದ್ದರೆ ಬರುತ್ತಿದ್ದ ಸಂಬಳವನ್ನು ಮಗನ ಕೈಯಲ್ಲೇ ಲೆಕ್ಕ ಹಾಕಿಸುತ್ತಾನೆ... ಹಸಿದ ಹೊಟ್ಟೆಯಲ್ಲಿ ಆ ದೃಶ್ಯ ನೋಡಬೇಡಿ ಸ್ವಾಮಿ, ತಡೆಯೋಕಾಗಲ್ಲ.

ಬೆರಕೆ ಅಂತ ಹಂಗಿಸಬೇಡಿ. 1964ರಲ್ಲಿ ಸರ್ಜಿಯೊ ಲಿಯೋನೆ ಎಂಬ ರೋಮ್‌ನವನು ಜಪಾನಿನ ಕುರೋಸಾವಾರ 'ಯೋಜಿಂಬೊ' ಕಥೆ ಎತ್ತಿಕೊಂಡು, ಅಮೆರಿಕದ ಕ್ಲಿಂಟ್ ಈಸ್ಟ್‌ವುಡ್‌ನನ್ನು ಕರೆತಂದು, ಸ್ಪೇನಿನ ಬಯಲಲ್ಲಿ 'ಎ ಫಿಸ್ಟ್‌ಫುಲ್ ಆಫ್ ಡಾಲರ್ಸ್' ತೆಗೆದ. 'ಸ್ಪಾಗೆಟಿ ವೆಸ್ಟರ್ನ್' ಎಂಬ ಹೆಸರು ಅಂಟಿತು. ಆ ಸ್ಪಾಗೆಟಿಯ ಘಾಟು ನಮ್ಮ ರಾಮನಗರದ ಬಂಡೆಗಳವರೆಗೂ ಬಂದು 1975ರಲ್ಲಿ 'ಶೋಲೆ' ಆದದ್ದನ್ನು ನಿಮಗೆ ಹೇಳಿಕೊಡಬೇಕೇ? ನಮ್ಮ ಬರ್ಗರ್ ಕೂಡ ಅದೇ ಜಾತಿ. ಬಾಡಿ ಅಮೆರಿಕದ್ದು, ಮ್ಯೂಸಿಕ್ ಇಟಲಿಯದು!

ಈಗ ಶೂಟಿಂಗ್ ಶುರು

ನಾಲ್ಕು ಜನ ರೂಮ್‌ಮೇಟುಗಳ ಲೆಕ್ಕ ಹೇಳ್ತೀನಿ. ಮಿನಿಯಾಪೊಲಿಸ್‌ನಲ್ಲಿ ಹಾಕೋದು ದನದ ಮಾಂಸ. ನಿಮಗೆ ಕುರಿ ಕೈಮಾ 600 ಗ್ರಾಂ ಸಾಕು. ಐದರಲ್ಲೊಂದು ಪಾಲು ಕೊಬ್ಬಿರಲಿ, ತೀರಾ ನುಣ್ಣಗೆ ಬೇಡ. ಕೋಳಿ ಕೈಮಾ ಆದರೆ ಒಣಗಿ ರಬ್ಬರ್ ಆಗುತ್ತೆ. ಅದಕ್ಕೆ ಇಟಲಿಯ ಅಜ್ಜಿಯರ ಉಪಾಯ ಇದೆ: ಎರಡು ಹಳೇ ಬ್ರೆಡ್ ತುಂಡು ಹಾಲಲ್ಲಿ ನೆನೆಸಿ, ಹಿಂಡಿ, ಕೈಮಾಕ್ಕೆ ಕಲಸಿಬಿಡಿ.

ಗರಂ ಮಸಾಲೆ ಡಬ್ಬಿಗೆ ಇವತ್ತು ರಜಾ! ಜಜ್ಜಿದ ಬೆಳ್ಳುಳ್ಳಿ ನಾಲ್ಕೆಸಳು, ತರಿಯಾಗಿ ಕುಟ್ಟಿದ ಸೋಂಪು ಅರ್ಧ ಚಮಚ, ಕರಿಮೆಣಸಿನ ಪುಡಿ ಅರ್ಧ ಚಮಚ, ಒಣ ಓರೆಗಾನೊ ಒಂದು ಚಮಚ. ಸೋಂಪು ಬಿಡಬೇಡಿ, ಇಟಲಿಯ ಸಾಸೇಜಿನ ಘಮ ಬರೋದೇ ಅದರಿಂದ. ಓರೆಗಾನೊ ಸಿಗಲಿಲ್ಲವೇ? ಹಿತ್ತಲ ದೊಡ್ಡಪತ್ರೆ ಎಲೆ ಎರಡು ಸಣ್ಣಗೆ ಹೆಚ್ಚಿ ಹಾಕಿ. ವಾಸನೆಯಲ್ಲಿ ಅಣ್ಣ ತಮ್ಮ ಇದ್ದ ಹಾಗೆ. ಇಟಲಿಯವರ ಪ್ರಾಣವಾದ ಬೇಸಿಲ್ ಬೇರೆ ಯಾರೂ ಅಲ್ಲ, ನಮ್ಮ ಕಾಮಕಸ್ತೂರಿಯೇ. ಉಪ್ಪು ಮಾತ್ರ ಈಗಲೇ ಬೆರೆಸಬೇಡಿ. ಕೈಮಾ ಬಿಗಿದುಕೊಂಡು ಪುಟಿಯೋ ಚೆಂಡಾಗುತ್ತೆ. ಹಂಚಿಗೆ ಹಾಕೋ ಮುಂಚೆ ಮೇಲಿಂದ ಉದುರಿಸಿದರೆ ಸರಿ.

ಈಗ ಹೀರೋಯಿನ್ ಎಂಟ್ರಿ! ಮೊಝರೆಲ್ಲಾ 100 ಗ್ರಾಂ. ಹೆಪ್ಪುಗಟ್ಟಿದ ಹಾಲಿನ ಗಡ್ಡೆಯನ್ನು ಬಿಸಿನೀರಿನಲ್ಲಿ ಎಳೆದೆಳೆದು ಮಾಡೋ ಚೀಸ್ ಇದು, ಅದಕ್ಕೇ ಅಷ್ಟುದ್ದ ಎಳೆ. ಇಟಲಿಯ ಕಂಪಾನಿಯಾ ಸೀಮೆಯಲ್ಲಿ ಎಮ್ಮೆ ಹಾಲಿನಿಂದ ಮಾಡೋದು ಬಲು ಹೆಸರುವಾಸಿ. ಆದರೆ ನೀರಲ್ಲಿ ತೇಲಿಸಿ ಮಾರೋ ಹಸಿ ಮೊಝರೆಲ್ಲಾ ಇಲ್ಲಿಗೆ ಬೇಡ. ಒಳಗೆ ಹಬೆ ಕಟ್ಟಿ ಬರ್ಗರ್ ಸಿಡಿಯುತ್ತೆ. ಪಿಜ್ಜಾಗೆ ಅಂತ ಮಾರೋ ಗಟ್ಟಿ ಚೀಸೇ ಲಾಯಕ್ಕು. ಉಳಿತಾಯ ಅಂತ ಪನೀರ್ ತುಂಬಿದಿರೋ, ಸಿನಿಮಾ ಫ್ಲಾಪ್! ಹುಳಿ ಹಿಂಡಿ ಒಡೆದ ಹಾಲಿನ ಪನೀರು ಎಷ್ಟು ಕಾಸಿದರೂ ಕರಗೋ ಜಾತಿಯಲ್ಲ.

ಕೈಮಾವನ್ನು ಎಂಟು ಉಂಡೆ ಮಾಡಿ. ಕೈ ಒದ್ದೆ ಮಾಡಿಕೊಂಡು, ಬಾಳೆಲೆ ಮೇಲೆ ತೆಳ್ಳಗೆ ತಟ್ಟಿ. ಬನ್ನಿಗಿಂತ ಒಂದು ಬೆರಳು ಅಗಲ ಇರಲಿ, ಬೆಂದರೆ ಕುಗ್ಗುತ್ತೆ. ನಡುವೆ 25 ಗ್ರಾಂ ಚೀಸ್, ಸುತ್ತ ಒಂದು ಬೆರಳು ಜಾಗ ಖಾಲಿ. ಮೇಲೆ ಇನ್ನೊಂದು ಮುಚ್ಚಿ, ಒಳಗೆ ಗಾಳಿ ಉಳಿಯದಂತೆ ಒತ್ತಿ, ಅಮ್ಮ ಕರಿಗಡುಬಿನ ಅಂಚು ಒತ್ತೋ ಹಾಗೆ ಸುತ್ತಲೂ ಬಿಗಿಯಾಗಿ ಒತ್ತಿ. ಇಡೀ ಚಿತ್ರದ ಕ್ಲೈಮ್ಯಾಕ್ಸ್ ಇರೋದು ಈ ಅಂಚಿನಲ್ಲೇ. ಒಂದು ಕಡೆ ಬಿರುಕು ಬಿಟ್ಟರೆ ಹೀರೋಯಿನ್ ಹಂಚಿನ ಪಾಲು! ಫ್ರಿಜ್ಜಿನಲ್ಲಿ 20 ನಿಮಿಷ ಇಡಿ, ಗಟ್ಟಿಯಾಗುತ್ತೆ.

ಅಷ್ಟರಲ್ಲಿ ನಾಲ್ಕು ಹಣ್ಣು ಟೊಮೆಟೊ, ಎರಡೆಸಳು ಬೆಳ್ಳುಳ್ಳಿ, ಎಣ್ಣೆ, ಉಪ್ಪು ಹಾಕಿ ಕಾಲು ಗಂಟೆ ಕುದಿಸಿ ಗೊಜ್ಜು ಮಾಡಿ. ಇಳಿಸುವಾಗ ಕಾಮಕಸ್ತೂರಿ ಎಲೆ. ಬಾಟಲಿ ಕೆಚಪ್ ದೂರ ಇರಲಿ.

ವಿಲನ್ ಎಲ್ಲಿದ್ದಾನೆ ಗೊತ್ತೇ?

ದಪ್ಪ ಕಬ್ಬಿಣದ ಹಂಚು, ಮಧ್ಯಮ ಉರಿ, ಪ್ರತಿ ಬದಿಗೆ ಐದಾರು ನಿಮಿಷ. ದೋಸೆ ಮಗುಚೋ ಕೈಯಿಂದ ಅದುಮಬೇಡಿ. ಮಗುಚಿದ ಮೇಲೆ ತಲೆಯ ಮೇಲೆ ಕಡ್ಡಿಯಿಂದ ಒಂದು ತೂತು ಮಾಡಿದರೆ ಹಬೆ ಹೋಗುತ್ತೆ.

ಇನ್ನು ಒಂದು ಮಾತು ಗಂಭೀರವಾಗಿ. ಇಡೀ ಮಾಂಸದ ತುಂಡಿನಲ್ಲಿ ಕೆಟ್ಟ ಕ್ರಿಮಿ ಸಾಮಾನ್ಯವಾಗಿ ಹೊರಮೈಯಲ್ಲಿರುತ್ತೆ, ಬೆಂಕಿ ತಾಕಿದರೆ ಸಾಯುತ್ತೆ. ಅದನ್ನೇ ಕೈಮಾ ಹೊಡೆದಾಗ ಹೊರಗಿದ್ದ ವಿಲನ್ ನಡುಮನೆಗೆ ಬಂದು ಕೂರುತ್ತಾನೆ. 1993ರಲ್ಲಿ ಅಮೆರಿಕದಲ್ಲಿ ಸರಿಯಾಗಿ ಬೇಯದ ಬರ್ಗರ್‌ಗಳಿಂದ ಇ. ಕೋಲೈ ಎಂಬ ಕ್ರಿಮಿ ಹರಡಿ 700ಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದರು. ನಾಲ್ಕು ಮಕ್ಕಳು ಸತ್ತವು. ಚೀಸ್ ತುಂಬಿದ ಬರ್ಗರ್ ದಪ್ಪ ಇರೋದರಿಂದ ಹೊರಗೆ ಕರಿಕಾದರೂ ಒಳಗೆ ಹಸಿ ಉಳಿಯೋ ಅಪಾಯ ಜಾಸ್ತಿ. ಕುರಿ ಕೈಮಾ 71 ಡಿಗ್ರಿ ಸೆಲ್ಸಿಯಸ್, ಕೋಳಿಯದು 74 ಮುಟ್ಟಲೇಬೇಕು. ಅಡುಗೆಯ ಥರ್ಮಾಮೀಟರ್ ಇದ್ದರೆ ಮುಳ್ಳನ್ನು ಚೀಸಿಗಲ್ಲ, ಮಾಂಸಕ್ಕೆ ಚುಚ್ಚಿ. ಇಲ್ಲದವರು ತಟ್ಟೆ ಮುಚ್ಚಿ ಸಣ್ಣ ಉರಿಯಲ್ಲಿ ಇನ್ನೂ ನಾಲ್ಕೈದು ನಿಮಿಷ ಬೇಯಿಸಿ, ಒಂದನ್ನು ಮುರಿದು ನೋಡಿ. ಕೆಂಪು ಕಂಡರೆ ಎಲ್ಲವೂ ಮತ್ತೆ ಹಂಚಿಗೆ. ಹಸಿ ಕೈಮಾ ಮುಟ್ಟಿದ ಕೈಯನ್ನು ಸೋಪು ಹಾಕಿ ತೊಳೆದ ಮೇಲೇ ಬನ್ನು ಮುಟ್ಟಿ. ಆತುರದ ಹೀರೋಗಳೇ, ಇಲ್ಲಿ ಡ್ಯೂಪ್ ಹಾಕೋಕಾಗಲ್ಲ!

ಸಸ್ಯಾಹಾರಿ ಮಿತ್ರರು ಬೇಯಿಸಿದ ಆಲೂಗಡ್ಡೆಗೆ ಬ್ರೆಡ್ ಪುಡಿ ಸೇರಿಸಿ ಇದೇ ಮಸಾಲೆ, ಇದೇ ಚೀಸ್. ಚೀಸ್ ಪೊಟ್ಟಣದ ಮೇಲೆ ಹಸಿರು ಚುಕ್ಕೆ ನೋಡಿಕೊಳ್ಳಿ. ಇಟಲಿಯ ಅಸಲಿ ಪಾರ್ಮೆಸಾನ್‌ಗೆ ಕರುವಿನ ಹೊಟ್ಟೆಯ ಹೆಪ್ಪು ಹಾಕಿರುತ್ತಾರೆ.

ಅಯ್ಯಂಗಾರ್ ಬೇಕರಿಯ ಸಾದಾ ಬನ್ನು ಸೀಳಿ, ಬೆಳ್ಳುಳ್ಳಿ ಎಣ್ಣೆ ಸವರಿ, ಹಂಚಿನ ಮೇಲೆ ಕೆಂಪಗೆ ಮಾಡಿ. ಕೆಳಗೆ ಗೊಜ್ಜು, ಮೇಲೆ ಬರ್ಗರ್, ಎರಡು ಕಾಮಕಸ್ತೂರಿ ಎಲೆ, ಮುಚ್ಚಳ. ತಕ್ಷಣ ಬಾಯಿ ಹಾಕಬೇಡಿ, ಒಳಗಿರೋದು ಕಾದ ಲಾವಾ! ಒಂದು ಡ್ಯುಯೆಟ್ ಹಾಡು ಮುಗಿಯೋವರೆಗೆ ಕಾಯಿರಿ. ಆಮೇಲೆ ನಡುವಿನಿಂದಲ್ಲ, ಅಂಚಿನಿಂದ ಮೆಲ್ಲಗೆ ಕಚ್ಚಿ ಎಳೆಯಿರಿ... ವೈರು ಬಂತೇ? ರೋಮ್‌ಗೆ ಲೈನ್ ಸಿಕ್ಕಿತು ಅಂತಲೇ ಲೆಕ್ಕ!