ಮೂಡಣದ ಮೋಡ, ಪಡುವಣದ ಕಡಲು

ನಾರ್ವೆ ದೇಶದ ಪಶ್ಚಿಮ ತೀರದಲ್ಲಿ ಹಿಮನದಿಗಳು ಕೊರೆದ ಆಳವಾದ ಕಣಿವೆಗಳೊಳಗೆ ಕಡಲು ನುಗ್ಗಿ ನಿಂತಿದೆ. ಇವೇ ಫಿಯೋರ್ಡ್‌ಗಳು. ಇವುಗಳಲ್ಲಿ ಸೋಗ್ನೆಫಿಯೋರ್ಡ್ ಎಂಬುದು 200 ಕಿಲೋಮೀಟರಿಗೂ ಹೆಚ್ಚು ದೂರ ಒಳನಾಡಿಗೆ ಚಾಚಿದೆ. ಅಲ್ಲಿ ಹಡಗಿನಲ್ಲಿ ಸಂಚರಿಸುವವರು ಒಂದೇ ದಿನದಲ್ಲಿ ಬಿಸಿಲು, ಮಂಜು, ಮಳೆ ಮೂರನ್ನೂ ಕಾಣುವುದುಂಟು. ಅಂತಹ ದೂರಯಾತ್ರೆ ನಮಗೆ ಎಟುಕದು. ಆದರೆ ಕಡಲು, ಕಲ್ಲು, ಹಕ್ಕಿ, ಹವೆಗಳ ಆ ಕೂಟವನ್ನು ಕಾಣಲು ಕಾವೂರಿನವರಾದ ನಮಗೆ ಮಲ್ಪೆಯ ಸೇಂಟ್ ಮೇರಿಸ್ ದ್ವೀಪಗಳಿವೆ.

ಈಚೆಗೆ ಅಕ್ಟೋಬರ್ ತಿಂಗಳ ಕೊನೆಯಲ್ಲಿ ನಾಲ್ಕು ಕುಟುಂಬಗಳೊಡನೆ ಹೊರಟೆವು. ಕೂಳೂರು ಸೇತುವೆಯಲ್ಲಿ ಫಲ್ಗುಣಿಯನ್ನು ದಾಟಿ, ಉಡುಪಿಯ ಮಾರ್ಗವಾಗಿ ಮಲ್ಪೆಯನ್ನು ಸೇರಿ ದೋಣಿಯನ್ನೇರಿದೆವು. ಆಕಾಶ ನಿರ್ಮಲವಾಗಿತ್ತು. ಗರುಡಪಕ್ಷಿಗಳು ಮೇಲೆ ಸುತ್ತುತ್ತಿದ್ದವು. ನಡುವೆ ಡಾಲ್ಫಿನ್ನೊಂದರ ಬೆನ್ನು ನೀರಿನ ಮೇಲೆ ತೋರಿ ಮರೆಯಾದಾಗ ಮಕ್ಕಳ ಹರ್ಷಕ್ಕೆ ಮಿತಿಯಿರಲಿಲ್ಲ.

ದ್ವೀಪದಲ್ಲಿ ಐದಾರು ಮುಖಗಳ ಕಲ್ಲುಕಂಬಗಳು ಯಾರೋ ಕಡೆದು ನಿಲ್ಲಿಸಿದಂತೆ ಒತ್ತಾಗಿ ನಿಂತಿವೆ. ಸುಮಾರು 8.8 ಕೋಟಿ ವರ್ಷಗಳ ಹಿಂದೆ ಮಡಗಾಸ್ಕರ್ ಭಾರತದಿಂದ ಬೇರ್ಪಡುವ ಕಾಲದಲ್ಲಿ ಉಕ್ಕಿದ ಲಾವಾರಸವು ತಣಿದು, ಕುಗ್ಗಿ, ಬಿರುಕುಬಿಟ್ಟು ಈ ರೂಪ ತಾಳಿತು. ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಲಾಗಿದೆ. ಸಮೀಪದ ದರಿಯಾ ಬಹಾದ್ದೂರ್‌ಗಡ ದ್ವೀಪದಲ್ಲಿ ಕೋಟೆ ಕಟ್ಟಿಸಿದವನು ಬಿದನೂರಿನ ಬಸವಪ್ಪ ನಾಯಕ. ಮಲೆನಾಡಿನ ನಮ್ಮ ಶೈವ ಅರಸರಿಗೂ ಕಡಲಿನ ಮೇಲೆ ಕಣ್ಣಿತ್ತೆಂಬುದಕ್ಕೆ ಇದೇ ಸಾಕ್ಷಿ.

ಇದನ್ನೆಲ್ಲ ನಾವು ವಿವರಿಸುತ್ತಿರುವಾಗ ದೋಣಿಯ ತರುಣನು ಬಂದು, "ಸ್ವಾಮಿ, ಮೂಡುದಿಕ್ಕಿನಲ್ಲಿ ಮೋಡ ಕಟ್ಟಿದೆ. ಈಗಲೇ ಹೊರಡಬೇಕು" ಎಂದನು. ನಮ್ಮ ತಲೆಯ ಮೇಲೆ ಇನ್ನೂ ಬಿಸಿಲಿತ್ತು. ಇನ್ನರ್ಧ ಗಂಟೆ ಕೊಡೆಂದು ನಾವು ಒತ್ತಾಯಿಸಿದೆವು. ಆತನು ವಿನಯದಿಂದಲೇ ಒಪ್ಪಲಿಲ್ಲ. ನಮಗೆ ಒಳಗೊಳಗೇ ಅಸಮಾಧಾನವಾಯಿತು.

ದಡ ಇನ್ನೂ ದೂರವಿರುವಾಗಲೇ ಘಟ್ಟದ ಕಡೆಯಿಂದ ಗುಡುಗು ಕೇಳಿಸಿತು. ಗಾಳಿ ಎದ್ದಿತು, ನೀರು ಕಪ್ಪಾಯಿತು. ತಾಯಂದಿರು ಮಕ್ಕಳನ್ನು ಅವಚಿಕೊಂಡರು. ಹಿಂಗಾರಿನ ಮಧ್ಯಾಹ್ನ ಘಟ್ಟದಲ್ಲಿ ಕಟ್ಟಿದ ಮೋಡ ಹೀಗೆ ಕಡಲಿಗಿಳಿಯುವುದು ಸಹಜವೆಂದು ಆತನಿಗೆ ತಿಳಿದಿತ್ತು. ನಾಲ್ಕು ದಶಕ ಗ್ರಂಥ ಓದಿದ ನಮಗೆ ತಿಳಿದಿರಲಿಲ್ಲ. ತೊಯ್ದು ತೊಪ್ಪೆಯಾಗಿ ದಡ ಸೇರಿದಾಗ ಆ ತರುಣನಿಗೆ ಕೈಮುಗಿದೆವು. ಅವನ ಕಾಯಕವೇ ಅವನಿಗೆ ಶಾಸ್ತ್ರವನ್ನು ಕಲಿಸಿತ್ತು.

ಹೋಗಬಯಸುವ ಬಂಧುಗಳು ಮಳೆಗಾಲವನ್ನು ಬಿಟ್ಟು, ಡಿಸೆಂಬರಿನಿಂದ ಫೆಬ್ರವರಿಯೊಳಗೆ, ಬೆಳಗಿನ ಹೊತ್ತು ಹೋಗಿರಿ. ಜೀವರಕ್ಷಕ ಅಂಗಿಯನ್ನು ಬಿಚ್ಚದಿರಿ. ಅಲ್ಲಿಯ ಕಲ್ಲು, ಚಿಪ್ಪುಗಳನ್ನು ತರಬೇಡಿರಿ. ದೋಣಿಯವನು ಹೊರಡೋಣವೆಂದಾಗ ಮರುಮಾತಾಡದೆ ಹೊರಡಿರಿ.