ಅಡವಿಯ ಎಚ್ಚರ, ಪಟ್ಟಣದ ಎಚ್ಚರ

ಎಚ್ಚರವೆಂದರೆ ನಿದ್ರೆಯಿಲ್ಲದಿರುವಿಕೆ ಎಂದಷ್ಟೇ ತಿಳಿದರೆ ಸಾಲದು. ಹುಲಿಯಿರುವ ಅಡವಿಯಲ್ಲಿ ನಡೆಯುವವನೂ ವಾಹನಗಳು ಕಿಕ್ಕಿರಿದ ಬೀದಿಯನ್ನು ದಾಟುವವನೂ ಎಚ್ಚರವಾಗಿಯೇ ಇರುತ್ತಾರೆ. ಆದರೆ ಈ ಎರಡು ಎಚ್ಚರಗಳು ಒಂದೇ ಬಗೆಯವಲ್ಲ. ಒಂದರಲ್ಲಿ ಪಳಗಿದವನು ಮತ್ತೊಂದರಲ್ಲಿ ಶಿಶುವಿನಂತಾಗುವುದುಂಟು.

ಬಂಡೀಪುರ, ಬಿಳಿಗಿರಿರಂಗನ ಬೆಟ್ಟ ಮೊದಲಾದ ಅರಣ್ಯಗಳಲ್ಲಿ ಅಪಾಯವು ಅನೇಕ ವೇಳೆ ಮುನ್ಸೂಚನೆಯೊಡನೆಯೇ ಬರುತ್ತದೆ. ಮರದ ಮೇಲಿನ ಮುಸುವವು ಹುಲಿಯನ್ನೋ ಚಿರತೆಯನ್ನೋ ಕಂಡೊಡನೆ ಕೆಮ್ಮಿದಂತೆ ಒರಟಾಗಿ ಕೂಗುತ್ತದೆ. ಕೆಳಗೆ ಮೇಯುವ ಚುಕ್ಕೆಜಿಂಕೆಗಳು ಕಿವಿ ನಿಮಿರಿಸುತ್ತವೆ. ಮುಸುವಕ್ಕೆ ಎತ್ತರದ ನೋಟ, ಜಿಂಕೆಗೆ ಗಾಳಿಯನ್ನರಿಯುವ ಮೂಗು. ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಜಿಂಕೆಯು ಬರಿಯ ಸಂಶಯಕ್ಕೂ ಕೂಗುವುದರಿಂದ ಮುಸುವದ ಮಾತಿಗೇ ಬೆಲೆ ಹೆಚ್ಚೆಂಬುದು ಕಾಡನ್ನು ಬಲ್ಲವರ ಅನುಭವ. ಸೋಲಿಗರಂತಹ ವನವಾಸಿಗಳು ಈ ಸಂಭಾಷಣೆಗೆ ಮೂರನೆಯವರಾಗಿ ಕಿವಿಗೊಡುತ್ತಾರೆ. ಆನೆಯ ವಿಷಯ ಬೇರೆ. ಅದರ ದೃಷ್ಟಿ ಮಂದ, ಘ್ರಾಣಶಕ್ತಿ ಅಪಾರ. ಅಷ್ಟು ದೊಡ್ಡ ದೇಹವಿದ್ದರೂ ಮೆತ್ತನೆಯ ಅಂಗಾಲಿನಿಂದಾಗಿ ಸದ್ದಿಲ್ಲದೆ ನಡೆಯಬಲ್ಲುದು. ಆದುದರಿಂದ ಗಾಳಿ ಯಾವ ಕಡೆಯಿಂದ ಬೀಸುತ್ತಿದೆ, ಲದ್ದಿ ಇನ್ನೂ ಬೆಚ್ಚಗಿದೆಯೇ, ಮುರಿದ ಕೊಂಬೆ ಹಸಿಯಾಗಿದೆಯೇ ಎಂಬುದನ್ನೆಲ್ಲ ನೋಡಬೇಕು. ಇಲ್ಲಿ ತಳ್ಳಿಹಾಕುವಂತಹ ಸದ್ದೇ ಇಲ್ಲ. ಹಕ್ಕಿಗಳು ಒಮ್ಮೆಲೇ ಮೌನವಾದರೆ ಅದಕ್ಕೂ ಅರ್ಥವುಂಟು.

ಪಟ್ಟಣದಲ್ಲಿ ಹೀಗೆ ಪ್ರತಿ ಹಾರನ್ನಿಗೂ ಕಿವಿಗೊಟ್ಟವನು ಮಧ್ಯಾಹ್ನದೊಳಗೆ ಬಳಲಿಹೋದಾನು. ನಗರವಾಸಿಯ ನಿರ್ಲಿಪ್ತತೆಯು ಕಲ್ಲೆದೆಯಲ್ಲ, ಮನಸ್ಸಿನ ರಕ್ಷಾಕವಚ ಎಂಬ ಭಾವವನ್ನು ಜರ್ಮನಿಯ ಚಿಂತಕ ಗಿಯೋರ್ಗ್ ಸಿಮ್ಮೆಲ್ 1903ರಷ್ಟು ಹಿಂದೆಯೇ ವಿವರಿಸಿದ್ದನು. ಆದರೆ ಕವಚವು ಕಣ್ಣನ್ನೂ ಮುಚ್ಚಬಾರದಷ್ಟೆ! 2022ರಲ್ಲಿ ಭಾರತದ ರಸ್ತೆಗಳಲ್ಲಿ ಮಡಿದವರು 1,68,491 ಮಂದಿ. ಇವೆಲ್ಲ ಪಟ್ಟಣದ ಸಾವುಗಳಲ್ಲ, ನಿಜ. ಆದರೂ ಹುಲಿ ಚಿರತೆಗಳಿಗೆ ಬಲಿಯಾದವರ ಸಂಖ್ಯೆ ಇದರ ಮುಂದೆ ಗಣನೆಗೆ ಬಾರದು. ಈಗಂತೂ ಸದ್ದೇ ಇಲ್ಲದ ವಿದ್ಯುತ್ ವಾಹನಗಳು ಬಂದಿವೆ. ಹೊಸ ಮಾದರಿಯ ಅಂತಹ ಕಾರುಗಳು ಗಂಟೆಗೆ ಸುಮಾರು 20 ಕಿಲೋಮೀಟರ್ ವೇಗದವರೆಗೆ ಕೃತಕ ಸದ್ದನ್ನು ಹೊರಡಿಸಬೇಕೆಂದು ಯುರೋಪಿನ ಒಕ್ಕೂಟವು 2019ರಿಂದ ವಿಧಿಸಿತು. ಕಾಡಿನಲ್ಲಿ ಮುಸುವವು ತಾನಾಗಿ ಮಾಡುವ ಉಪಕಾರವನ್ನು ನಾಡಿನಲ್ಲಿ ಕಾನೂನಿನ ಮೂಲಕ ಯಂತ್ರಕ್ಕೆ ಕಲಿಸಬೇಕಾಯಿತು.

ನಮ್ಮ ಅಷ್ಟಾವಧಾನ ಕಲೆಯನ್ನು ನೆನೆದರೆ ಈ ಭೇದವು ಸ್ಪಷ್ಟವಾಗುತ್ತದೆ. ಅಪ್ರಸ್ತುತ ಪ್ರಸಂಗದವನು ನಡುನಡುವೆ ಬಾಯಿಹಾಕಿ ಚಿತ್ತವನ್ನು ಕದಡುತ್ತಾನೆ. ಅವಧಾನಿಯು ಅವನಿಗೆ ಸೋಲದೆ, ಆಗಾಗ ಬಡಿಯುವ ಗಂಟೆಯ ಪೆಟ್ಟುಗಳನ್ನು ಮಾತ್ರ ತಪ್ಪದೆ ಎಣಿಸಿರಬೇಕು. ಪಟ್ಟಣವು ಬಹುಮಟ್ಟಿಗೆ ಅಪ್ರಸ್ತುತ ಪ್ರಸಂಗವೇ. ಅರಣ್ಯದಲ್ಲಾದರೋ ಕೇಳುವುದೆಲ್ಲ ಗಂಟೆ.

ಪೋಡಿನಿಂದ ಪಟ್ಟಣದ ವಿದ್ಯಾರ್ಥಿನಿಲಯಕ್ಕೆ ಬಂದ ಬಾಲಕನು ಪಾಠದ ನಡುವೆ ಪ್ರತಿ ಸದ್ದಿಗೂ ಕಿಟಕಿಯತ್ತ ತಿರುಗಿದರೆ, ಅವನನ್ನು ಚಂಚಲನೆಂದು ಗದರುವುದು ಸುಲಭ. ವಸ್ತುತಃ ಅವನ ಅವಧಾನಕ್ಕೆ ಕುಂದಿಲ್ಲ. ಯಾವುದನ್ನು ಕೇಳದೆ ಬಿಡಬೇಕೆಂಬುದನ್ನು ಅವನಿಗೆ ಯಾರೂ ತಿಳಿಸಿಲ್ಲ, ಅಷ್ಟೆ. ಅದನ್ನು ಬೈಗುಳದಿಂದಲ್ಲ, ಕೈಹಿಡಿದು ರಸ್ತೆ ದಾಟಿಸುವಂತೆ ಮೆಲ್ಲಗೆ ಕಲಿಸಬೇಕಾಗುತ್ತದೆ. ಪ್ರವಾಸಕ್ಕೆಂದು ಅರಣ್ಯಕ್ಕೆ ಹೋಗುವ ಪಟ್ಟಣದ ಮಕ್ಕಳ ತೊಡಕು ಇದಕ್ಕೆ ವಿಪರೀತವಾದುದು. ಮುಸುವದ ಕೂಗು ಅವರ ಕಿವಿಗೂ ಬೀಳುತ್ತದೆ. ಬಿದ್ದು, ಮತ್ತೊಂದು ಹಾರನ್ನಿನಂತೆ ಕಳೆದುಹೋಗುತ್ತದೆ.