ಟೆಕಮ್ಸೆ: ನೆಲ ಮಾರಲು ಒಪ್ಪದ ನಾಯಕ

ಒಟ್ಟು ಕುಟುಂಬದ ಹೊಲನ
ಒಬ್ಬ ತಮ್ಮ ಗುಟ್ಟಾಗಿ ಮಾರಿಬಿಟ್ಟರೆ,
ಆ ಕ್ರಯಪತ್ರ ನಡೆಯುತ್ತಾ?

1810ರಲ್ಲಿ, ಅಮೆರಿಕದಲ್ಲಿ,
ಶಾನೀ ಎಂಬ ಮೂಲನಿವಾಸಿ ಬುಡಕಟ್ಟಿನ ನಾಯಕ ಟೆಕಮ್ಸೆ ಎತ್ತಿದ್ದೂ ಇದೇ ತಕರಾರು.

ಹಿಂದಿನ ವರ್ಷವಷ್ಟೇ ಅಮೆರಿಕ ಸರ್ಕಾರದ ಗವರ್ನರ್ ಹ್ಯಾರಿಸನ್
ಕೆಲವು ಬುಡಕಟ್ಟುಗಳ ಮುಖಂಡರಿಂದ ನೆಲ ಮಾರಾಟದ ಒಪ್ಪಂದಕ್ಕೆ ಸಹಿ ಹಾಕಿಸಿಕೊಂಡಿದ್ದ.
ಹೋದದ್ದು ಸುಮಾರು 30 ಲಕ್ಷ ಎಕರೆ!

ಟೆಕಮ್ಸೆ ವಿನ್ಸೆನ್ಸ್ ಊರಿಗೇ ಹೋದ.
ಹ್ಯಾರಿಸನ್ ಎದುರು ನಿಂತು ವಾದಿಸಿದ:
ಈ ನೆಲ ಎಲ್ಲ ಬುಡಕಟ್ಟುಗಳದ್ದು,
ಯಾರೋ ಕೆಲವರು ಮಾರೋ ಹಾಗಿಲ್ಲ.

ಒಗ್ಗಟ್ಟಿನ ಬಲ ಅವನಿಗೆ ಗೊತ್ತಿತ್ತು.
1791ರಲ್ಲಿ ಶಾನೀಗಳ ಬ್ಲೂ ಜಾಕೆಟ್,
ಮಯಾಮಿ ಬುಡಕಟ್ಟಿನ ಲಿಟಲ್ ಟರ್ಟಲ್
ಒಂದಾಗಿ ಅಮೆರಿಕದ ಸೇನೆಯನ್ನೇ ಧೂಳೀಪಟ ಮಾಡಿದ್ದರು.
ಸತ್ತ ಸೈನಿಕರು 600ಕ್ಕೂ ಹೆಚ್ಚು.

ಹಾಗಾಗಿ ಅವನು ದಕ್ಷಿಣಕ್ಕೆ ಹೊರಟ,
ಇನ್ನಷ್ಟು ಬುಡಕಟ್ಟುಗಳನ್ನು ಸೇರಿಸೋಕೆ.
ಅವನಿಲ್ಲದ ಹೊತ್ತು ನೋಡಿ,
1811ರ ನವೆಂಬರ್‌ನಲ್ಲಿ,
ಹ್ಯಾರಿಸನ್ ಅವನ ಊರಿಗೇ ಬೆಂಕಿ ಇಡಿಸಿದ.
ಎಂಥ ಅನ್ಯಾಯ!

ಟೆಕಮ್ಸೆ ಬಗ್ಗಲಿಲ್ಲ.
ಅಮೆರಿಕದ ವಿರುದ್ಧ ಯುದ್ಧದಲ್ಲಿದ್ದ ಬ್ರಿಟಿಷರ ಜೊತೆಗೂಡಿ ಡೆಟ್ರಾಯಿಟ್ ಗೆದ್ದ.

1813, ಅಕ್ಟೋಬರ್ 5.
ಕೆನಡಾದ ಥೇಮ್ಸ್ ನದಿ ಹತ್ತಿರ ಕೊನೆಯ ಕಾಳಗ.
ಬ್ರಿಟಿಷ್ ಸಾಲು ಬೇಗನೆ ಮುರಿಯಿತು.
ಟೆಕಮ್ಸೆ ಹೋರಾಡುತ್ತಲೇ ಸತ್ತ.
ಅವನು ಕಟ್ಟಿದ ಒಕ್ಕೂಟವೂ ಒಡೆಯಿತು.

ಮುಂದೆ ಶಾನೀಗಳನ್ನು ಓಹಾಯೋದಿಂದ ಪಶ್ಚಿಮಕ್ಕೆ ಅಟ್ಟಿದರು.
ಇವತ್ತು ಅವರ ಮೂರು ಸಮುದಾಯಗಳು
ಒಕ್ಲಹೋಮಾದಲ್ಲಿವೆ.